ಮರೆವಿಗೊಂದು ಸ್ಪ್ರಿಂಗು

ನಮ್ಮ ಹಿತ್ತಲಲ್ಲಿ ಒಂದು ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಅದರಾಚೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ಒಂದು ಲೇತು. ನೆಂಟರು ಬಂದಾಗ ತುಳಸಿಕಟ್ಟೆ ತೋರಿಸುತ್ತಿದ್ದೆನೇ ಹೊರತು ಶೆಡ್ಡನ್ನಲ್ಲ. ಎಣ್ಣೆಯ ವಾಸನೆ, ಕಬ್ಬಿಣದ ಪುಡಿ, ಕಪ್ಪು ಹಿಡಿದ ಗೋಡೆ. ಆದರೆ ನನ್ನ ಬಾಳಿನಲ್ಲಿ ತಪ್ಪು-ಒಪ್ಪುಗಳ ವಿಷಯವಾಗಿ ನಾನು ಕಲಿತ ದೊಡ್ಡ ಪಾಠ ಪೂಜೆಯ ಕೋಣೆಯಲ್ಲಿ ಸಿಕ್ಕಿದ್ದಲ್ಲ, ಆ ಶೆಡ್ಡಿನಲ್ಲಿ ಸಿಕ್ಕಿದ್ದು. ಅದನ್ನು ಹೇಳಬೇಕಾದರೆ ಮೊದಲು ಲೇತು ಎಂದರೇನೆಂದು ಹೇಳಬೇಕು.

ಕುಂಬಾರನ ತಿಗರಿಯನ್ನು ನೋಡಿದ್ದೀರಲ್ಲ, ಅದನ್ನು ಎತ್ತಿ ಅಡ್ಡಡ್ಡ ಮಲಗಿಸಿದಂತೆ ಎಂದುಕೊಳ್ಳಿ. ಮಣ್ಣಿನ ಜಾಗದಲ್ಲಿ ಕಬ್ಬಿಣದ ಸರಳು, ಕುಂಬಾರನ ಬೆರಳಿನ ಜಾಗದಲ್ಲಿ ಗಟ್ಟಿ ಉಕ್ಕಿನ ಉಳಿ. ಸರಳು ಗಿರಗಿರನೆ ತಿರುಗುತ್ತದೆ, ಉಳಿ ಅದನ್ನು ಹೆರೆಯುತ್ತದೆ, ಚಕ್ಕುಲಿ ಒತ್ತಿದಂತೆ ಕಬ್ಬಿಣದ ಸುರುಳಿ ಇಳಿದು ಬೀಳುತ್ತದೆ. ಚನ್ನಪಟ್ಟಣದ ಬೊಂಬೆಗಳೂ ಇಂಥದೇ ಯಂತ್ರದ ಮೇಲೆ ಹುಟ್ಟುತ್ತವೆ. ಅಲ್ಲಿ ಮೆತ್ತನೆಯ ಆಲೆಮರ, ಉಳಿ ಕೈಯಲ್ಲೇ ಇರುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿಕೆಯ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಕಬ್ಬಿಣದ ಕೆಲಸಕ್ಕೆ ಬರಿಗೈ ಸಾಲದು. ಉಳಿಯನ್ನು ಬಿಗಿಯಾಗಿ ಹಿಡಿದು ನೇರವಾಗಿ ಜರುಗುವ ಒಂದು ಪೀಠವನ್ನು ಲೇತಿಗೆ ಜೋಡಿಸಿರುತ್ತಾರೆ. ಸುಮಾರು 1800ರ ಹೊತ್ತಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಎಂಬಾತ ಇದನ್ನು ಚೆನ್ನಾಗಿ ಪಳಗಿಸಿದ. ಕೈ ನಡುಗುತ್ತದೆಂದು ಕೈಯನ್ನು ಬೈಯುವ ಬದಲು, ನಡುಗದ ಹಿಡಿಕೆಗೆ ಆ ಕೆಲಸ ವಹಿಸಿದ. ಈ ಮಾತು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮದು ಹರಿಹರ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತುಗಳನ್ನೇ ತಯಾರಿಸತೊಡಗಿದ ಮೇಲೆ, ಆ ಪದ ಊರಿನ ಮನೆಮಾತಾಯಿತು. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೂ ಊರಿನ ಹಳಬರ ಬೆರಳುಗಳಲ್ಲಿ ಆ ವಿದ್ಯೆ ಇನ್ನೂ ಇದೆ. ನಮ್ಮವರು ಟರ್ನರ್ ಆಗಿದ್ದರು. ಶಿಫ್ಟು ಮುಗಿಸಿ ಬಂದು ಮನೆಯಲ್ಲೂ ನಾಲ್ಕು ಕಾಸು ದುಡಿಯೋಣವೆಂದು 1984ರಲ್ಲಿ ಒಂದು ಹಳೆಯ ಸಣ್ಣ ಲೇತನ್ನು ಸಾಲ ಮಾಡಿ ತಂದರು. ಪಂಪ್‌ಸೆಟ್ಟಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ಗಿರಣಿಯ ಶಾಫ್ಟು, ಹೀಗೆ ಕೆಲಸ ಬರುತ್ತಿತ್ತು. ಹಳೆಯ ಲೇತಲ್ಲವೇ, ಅದಕ್ಕೊಂದಿಷ್ಟು ಉಪಚಾರ ನಡೆದೇ ಇತ್ತು. ಒಂದು ಭಾನುವಾರ ಸವೆದ ಜಾಗಕ್ಕೆ ತೆಳುಪಟ್ಟಿ ಕೂರಿಸಿ ಪೀಠದ ಅಲುಗಾಟ ತೆಗೆಯುವುದು, ಇನ್ನೊಂದು ಭಾನುವಾರ ಕಾಲಿನ ಕೆಳಗೆ ತಗಡು ಕೊಟ್ಟು ಮಟ್ಟ ನೋಡುವುದು. ನಾನು ಹಪ್ಪಳದ ಹಿಟ್ಟು ಹದ ಮಾಡಿದಂತೆ ಅವರು ಅದನ್ನು ಹದ ಮಾಡುತ್ತಿದ್ದರು.

1988ರಲ್ಲಿ ಸಹಾಯಕ್ಕೆಂದು ಒಬ್ಬ ಹುಡುಗ ಸೇರಿದ. ಹದಿನೆಂಟು ತುಂಬಿತ್ತು, ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿದ್ದ. ತಂದೆ ಇರಲಿಲ್ಲ. ತಾಯಿ ಮೂರು ಮನೆಯ ಮುಸುರೆ ತಿಕ್ಕುತ್ತಿದ್ದಳು. ಹುಡುಗ ಚುರುಕು. ಆರು ತಿಂಗಳಲ್ಲಿ ನಮ್ಮವರು ಶಿಫ್ಟಿಗೆ ಹೋದಾಗ ಸಣ್ಣಪುಟ್ಟ ಕೆಲಸ ತಾನೇ ಮಾಡುವಷ್ಟಾದ.

ತಿರುಗಬೇಕಾದ ಸರಳನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದನ್ನು ಬಿಗಿ ಮಾಡಲು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಒಂದು ಕೀಲಿ, ಚಕ್ ಕೀ. ಅದರ ಚೌಕ ಮೂತಿಯನ್ನು ಚಕ್ಕಿನ ತೂತಿಗೆ ತೂರಿಸಿ, ತಿರುಗಿಸಿ, ತೆಗೆದಿಟ್ಟು, ಆಮೇಲೆ ಮೋಟರು ಹಾಕಬೇಕು. ತೆಗೆಯದೆ ಹಾಕಿದರೆ ಆ ಕೀಲಿ ಕವಣೆಯ ಕಲ್ಲು. ಲೇತಿನ ಹತ್ತಿರ ಬಂದವರಿಗೆಲ್ಲ ಮೊದಲು ಹೇಳಿಕೊಡುವ ಪಾಠ ಇದೇ. ಹುಡುಗನಿಗೂ ನಮ್ಮವರು ಹೇಳಿದ್ದರು, ನೂರು ಸಲ ಹೇಳಿದ್ದರು.

ಅವತ್ತು ಮಂಗಳವಾರ. ಬೆಳಿಗ್ಗೆ ಹತ್ತೂವರೆ. ನಾನು ಕಾಫಿ ಸೋಸಿದೆ. ಅಡಿಗೆಮನೆಯ ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು. ಹುಡುಗ ಚಕ್ಕಿನ ಮೇಲೆ ಬಗ್ಗಿ ಕೀಲಿ ತಿರುಗಿಸುತ್ತಿದ್ದ. "ಏ, ಕಾಫಿ ಆರುತ್ತೆ, ಬಾರೋ!" ಎಂದು ಕೂಗಿದೆ. ಅವನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿ ಬಂದ. ಮೆಟ್ಟಿಲ ಮೇಲೆ ಕೂತು ಕುಡಿದ. ಲೋಟ ತೊಳೆದಿಟ್ಟು ಹೋದ. ಎರಡು ನಿಮಿಷ ಕಳೆದಿರಲಿಲ್ಲ, ತಗಡಿಗೆ ಕಲ್ಲು ಬಿದ್ದಂಥ ಸದ್ದು, ಅದರ ಹಿಂದೆಯೇ ಹುಡುಗನ ಕೂಗು.

ಕೀಲಿ ಅವನ ಎಡಗಣ್ಣಿನ ಕೆಳಗೆ ಹೊಡೆದಿತ್ತು. ಆರು ಹೊಲಿಗೆ ಬಿದ್ದವು. ಇನ್ನೊಂದು ಅಂಗುಲ ಮೇಲಾಗಿದ್ದರೆ ಕಣ್ಣು ಹೋಗುತ್ತಿತ್ತೆಂದು ಡಾಕ್ಟರು ಹೇಳಿದರು.

ಸಂಜೆ ಅವನ ತಾಯಿ ಬಂದಳು. ನಮ್ಮವರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ಕೊಟ್ಟರು, ಕೆಲಸ ಮಾಡದ ದಿನಗಳ ಕೂಲಿಯನ್ನೂ ಕೊಡುವುದಾಗಿ ಹೇಳಿದರು. ಆದರೆ ಹೆದರಿಕೆ ಮನುಷ್ಯನ ಬಾಯಲ್ಲಿ ಸಿಟ್ಟಾಗಿ ಬರುತ್ತದೆ ನೋಡಿ. "ಎಷ್ಟು ಸಲ ಹೇಳಿದೀನಿ ಇವನಿಗೆ! ಕೆಲಸದ ಮೇಲೆ ಗಮನವೇ ಇಲ್ಲ. ಕಣ್ಣು ಹೋಗಿದ್ರೆ ಯಾರಮ್ಮ ಜವಾಬ್ದಾರಿ?" ಎಂದರು. ಆ ತಾಯಿ ತಲೆ ತಗ್ಗಿಸಿ, "ನಮ್ ಹುಡುಗಂದೇ ತಪ್ಪು ಬಿಡ್ರಿ ಸಾಹೇಬ್ರ. ಕೆಲಸದಿಂದ ಮಾತ್ರ ತೆಗೀಬ್ಯಾಡ್ರಿ" ಎಂದಳು. ಹುಡುಗನೂ ಬ್ಯಾಂಡೇಜಿನ ಕೆಳಗಿಂದ, "ನಂದೇ ತಪ್ಪು" ಎಂದ.

ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾನು ಕೂಗಿ ಕರೆದೆ, ಅದಕ್ಕೇ ಅವನು ಕೀಲಿ ಬಿಟ್ಟು ಬಂದ, ಎಂಬ ಒಂದೇ ಒಂದು ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಒಳಗೆ ಹೋಗಿ ಅವಳಿಗೆ ಕಾಫಿ ತಂದುಕೊಟ್ಟೆ.

ಈಗ ನೀವೇ ಹೇಳಿ, ತಪ್ಪು ಯಾರದು? ಮರೆತ ಹುಡುಗನದೇ? ಅರ್ಧ ಕಲಿತವನನ್ನು ಒಂಟಿಯಾಗಿ ಯಂತ್ರದ ಮುಂದೆ ಬಿಟ್ಟುಹೋದ ಯಜಮಾನನದೇ? ಕರೆಯಬಾರದ ಗಳಿಗೆಯಲ್ಲಿ ಕರೆದ ನನ್ನದೇ? ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ತಿನಿಂದ ಯಂತ್ರ ನಡೆಸುವ ಕಡೆ ಹತ್ತು ಮಂದಿ ಕೆಲಸಗಾರರಾದರೂ ಇದ್ದರೆ ಅನ್ವಯಿಸುವಂಥದ್ದು. ನಮ್ಮ ಶೆಡ್ಡಿನಲ್ಲಿದ್ದದ್ದು ಒಂದೂವರೆ ಆಳು. ಹಾಗಾಗಿ ತನಿಖೆಯೂ ಇಲ್ಲ, ತೀರ್ಪೂ ಇಲ್ಲ. ಇದ್ದದ್ದು 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯೊಂದೇ. ಗಾದೆಯ ಪ್ರಕಾರ ಹುಡುಗ ಉಂಡಿದ್ದ.

ಮೂರನೆಯ ರಾತ್ರಿ ನಮ್ಮವರು ಶೆಡ್ಡಿನಿಂದ ಬಂದು ಊಟಕ್ಕೆ ಕೂತರು. ಅನ್ನ ಕಲಸಿದರು, ತಿನ್ನಲಿಲ್ಲ. "ನೋಡೇ, ಇವತ್ತು ನಾನೂ ಮರೆತೆ" ಎಂದರು. ಯಾರೋ ಹೊರಗಿನಿಂದ ಮಾತಾಡಿಸಿದರಂತೆ, ತಿರುಗಿ ಮಾತಾಡಿ ಸ್ವಿಚ್ಚಿಗೆ ಕೈಯಿಟ್ಟಾಗ ಕೀಲಿ ಚಕ್ಕಿನಲ್ಲೇ ಇತ್ತಂತೆ. ಇಪ್ಪತ್ತು ವರ್ಷದ ಟರ್ನರು. "ಇಪ್ಪತ್ತು ವರ್ಷದವನು ಮರೀತಾನೆ ಅಂದಮೇಲೆ, ಆರು ತಿಂಗಳ ಹುಡುಗನ್ನ ಬೈದು ಏನು ಬಂತು?" ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅದು ಅಲ್ಲಿ ಉಳಿಯೋದಕ್ಕೇ ಬಿಡಬಾರದು" ಎಂದರು.

ಮರುದಿನ ಅಂಗಡಿಯಲ್ಲಿ ಪಿಯಾನೋ ತಂತಿ ಎಂದು ಮಾರುವ ಗಡಸು ಉಕ್ಕಿನ ತಂತಿ ತಂದರು. ಅದೇ ಲೇತಿನಲ್ಲಿ ಒಂದು ಸರಳು ಕಚ್ಚಿಸಿ, ಮೋಟರು ಹಾಕದೆ ಚಕ್ಕನ್ನು ಕೈಯಲ್ಲೇ ತಿರುಗಿಸುತ್ತ, ತಂತಿಯನ್ನು ಬಿಗಿಯಾಗಿ ಸುತ್ತಿದರು. ಬಿಟ್ಟಾಗ ಸುರುಳಿ ಸ್ವಲ್ಪ ಅಗಲವಾಗುತ್ತದೆ, ಆದ್ದರಿಂದ ಬೇಕಾದ ಅಳತೆಗಿಂತ ತೆಳ್ಳಗಿನ ಸರಳಿಗೇ ಸುತ್ತಬೇಕು. ಹಾಗೆ ಆದ ಸ್ಪ್ರಿಂಗನ್ನು ಚಕ್ ಕೀಯ ಚೌಕ ಮೂತಿಯ ಸುತ್ತ ತೊಡಿಸಿದರು. ಮೇಲಿನ ಸುತ್ತು ಕೀಲಿಯ ಕತ್ತನ್ನು ಬಿಗಿಯಾಗಿ ಹಿಡಿಯುವಂತೆ, ಕೆಳಗಿನ ಸುತ್ತು ಚಕ್ಕಿನ ಮೈಗೆ ಆನಿಕೊಳ್ಳುವಂತೆ ಮಾಡಿದರು. ಈಗ ಕೀಲಿ ಒಳಹೋಗಬೇಕಾದರೆ ಸ್ಪ್ರಿಂಗನ್ನು ಅದುಮಿ ಹಿಡಿಯಬೇಕು. ಕೈ ಬಿಟ್ಟ ಕ್ಷಣವೇ ಸ್ಪ್ರಿಂಗು ಕೀಲಿಯನ್ನು ಹೊರಗೆ ತಳ್ಳುತ್ತದೆ, ಅದು ಠಣ್ಣನೆ ಕೆಳಗಿನ ತಟ್ಟೆಗೆ ಬೀಳುತ್ತದೆ. ಮರೆಯಬೇಕೆಂದರೂ ಮರೆಯಲಾಗದು.

ಮೊದಲ ಸ್ಪ್ರಿಂಗು ಬಹಳ ಗಡಸಾಯಿತು, ಅದುಮಿ ಅದುಮಿ ಮಣಿಕಟ್ಟು ನೋಯಿತು. ಎರಡನೆಯದು ಉದ್ದವಾಗಿ, ಮೂತಿ ಪೂರ್ತಿ ಕೂರದೆ ಜಾರತೊಡಗಿತು. ಮೂರನೆಯದು ಸರಿಹೋಯಿತು. ತಂತಿಗೆ ಆದ ಖರ್ಚು ಒಂದು ಕಾಫಿಯ ಖರ್ಚಿಗಿಂತ ಹೆಚ್ಚಲ್ಲ.

ಆಮೇಲೆ ನಮ್ಮವರಿಗೆ ಅದೊಂದು ಗೀಳಾಯಿತು. ಚಕ್ಕಿನ ಮೇಲೆ ಎತ್ತಿಳಿಸುವ ತಗಡಿನ ಮರೆ ಬಂತು. ಕಬ್ಬಿಣದ ಸುರುಳಿಗಳನ್ನು ಬೆರಳಿನಿಂದ ಎಳೆಯದಿರಲೆಂದು ಉದ್ದ ಹಿಡಿಯ ಕೊಕ್ಕೆ ಬಂತು. ಕರೆಂಟು ಹೋಗಿ ಬಂದಾಗ ಮೋಟರು ತಾನಾಗಿ ತಿರುಗದಂತೆ, ಹಸಿರು ಗುಂಡಿ ಮತ್ತೆ ಒತ್ತಿದರಷ್ಟೇ ಶುರುವಾಗುವ ಸ್ಟಾರ್ಟರು ಬಂತು. ಈ ಕೊನೆಯದರ ಬೆಲೆ ನಿಮಗೆ ನಾನು ವಿವರಿಸಬೇಕಿಲ್ಲ. ಇಸ್ತ್ರಿ ಮಾಡುವಾಗ ಕರೆಂಟು ಹೋಗಿ, ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಎದ್ದುಹೋಗಿ, ಕರೆಂಟು ಬಂದ ಮೇಲೆ ಸುಟ್ಟ ವಾಸನೆಗೆ ಓಡಿ ಬರದ ಗೃಹಿಣಿ ಯಾರಿದ್ದಾರೆ?

ಆಗೆಲ್ಲ ನಮಗೆ ಸಿಗುವ ಬಿರುದು ಒಂದೇ: "ಗಮನ ಎಲ್ಲಿರುತ್ತೆ ನಿಂಗೆ?" ಹಾಲು ಉಕ್ಕಿದರೆ ಗಮನವಿಲ್ಲ, ಸಾರಿಗೆ ಉಪ್ಪು ಎರಡು ಸಲ ಬಿದ್ದರೆ ಗಮನವಿಲ್ಲ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ತರಕಾರಿಯವನು, ತೊಟ್ಟಿಲಲ್ಲಿ ಮಗು, ಒಳಗಿನಿಂದ ಮಾವನವರ ಕರೆ ಒಟ್ಟಿಗೇ ಬಂದಾಗ ಗಮನವೆಂಬುದು ನಾಲ್ಕು ಹೋಳಾಗುತ್ತದೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮರೆವು ಸ್ವಭಾವದ ದೋಷವೆಂದು ನಾವೂ ನಂಬಿ, ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ.

ಆದರೆ ನಮ್ಮ ಹಿರಿಯರು ಅಷ್ಟು ಒರಟಾಗಿ ಯೋಚಿಸಿದವರಲ್ಲ. ಮಕ್ಕಳಿಗೆ "ಬಾವಿಯಲ್ಲಿ ಬಗ್ಗಬೇಡಿ" ಎಂದು ಹೇಳಿದರು, ಹೇಳಿ ಸುಮ್ಮನಾಗಲಿಲ್ಲ, ಕಟ್ಟೆ ಕಟ್ಟಿಸಿದರು. ನನ್ನ ಅಜ್ಜಿ ಹೆಚ್ಚಿದ್ದು ಮುಗಿದೊಡನೆ ಈಳಿಗೆಮಣೆಯನ್ನು ಅಲಗು ಗೋಡೆಯ ಕಡೆಗಿರುವಂತೆ ಮಲಗಿಸಿ ಏಳುತ್ತಿದ್ದಳು. ಒಳಗಿನಿಂದ ಮುಚ್ಚುವ ಮುಚ್ಚಳದ ಕುಕ್ಕರನ್ನು ನೋಡಿ. ಉಗಿಯೇ ಮುಚ್ಚಳವನ್ನು ಅಂಚಿಗೆ ಒತ್ತಿ ಹಿಡಿದಿರುತ್ತದೆ, ಒತ್ತಡ ಇಳಿಯುವ ತನಕ ಎಂಥ ಅವಸರದ ಸೊಸೆಯೂ ತೆಗೆಯಲಾರಳು. ಇವೆಲ್ಲ ಮನುಷ್ಯ ಮರೆಯುತ್ತಾನೆಂಬುದನ್ನು ಸಿಟ್ಟಿಲ್ಲದೆ ಒಪ್ಪಿಕೊಂಡವರ ಕೆಲಸ. ಮಾಡ್ಸ್ಲೆಯ ಪೀಠವೂ ಅದೇ, ನಮ್ಮವರ ಸ್ಪ್ರಿಂಗೂ ಅದೇ.

ಜಪಾನಿನ ಒಂದು ಸಂಗತಿಯನ್ನು ನಾನು ಬಹಳ ತಡವಾಗಿ, ಇಂಜಿನಿಯರಾದ ಮಗನ ಬಾಯಲ್ಲಿ ಕೇಳಿದೆ. ಶಿಗೆಒ ಶಿಂಗೊ ಎಂಬ ಹೆಸರಾಂತ ಇಂಜಿನಿಯರು ಕಾರ್ಖಾನೆಗಳಲ್ಲಿ ತಪ್ಪು ನಡೆಯದಂತೆ ಸಣ್ಣ ಸಣ್ಣ ಏರ್ಪಾಡು ಮಾಡಿಸುತ್ತಿದ್ದರು. 1961ರಲ್ಲಿ ಒಂದು ಕಡೆ ಸ್ವಿಚ್ಚು ಜೋಡಿಸುವ ಕೆಲಸಗಾರರು ಎರಡು ಸಣ್ಣ ಸ್ಪ್ರಿಂಗುಗಳನ್ನು ಹಾಕಲು ಆಗಾಗ ಮರೆಯುತ್ತಿದ್ದರು. ಎಚ್ಚರಿಕೆಯ ಮಾತುಗಳಿಂದ ಏನೂ ಆಗಿರಲಿಲ್ಲ. ಶಿಂಗೊ ಹೇಳಿದ್ದಿಷ್ಟೇ: ಮೊದಲು ಎರಡು ಸ್ಪ್ರಿಂಗನ್ನು ಒಂದು ತಟ್ಟೆಗೆ ಹಾಕಿಕೊಂಡು ಆಮೇಲೆ ಜೋಡಿಸಲಿ. ತಟ್ಟೆಯಲ್ಲಿ ಉಳಿದಿದ್ದರೆ ಮರೆತದ್ದು ಅಲ್ಲೇ ಗೊತ್ತಾಗುತ್ತದೆ. ಇಂಥ ಏರ್ಪಾಡುಗಳಿಗೆ ಮೊದಲು 'ಬಾಕಾ ಯೋಕೆ' ಎನ್ನುತ್ತಿದ್ದರು. ಬಾಕಾ ಎಂದರೆ ದಡ್ಡ. 1963ರಲ್ಲಿ ಇನ್ನೊಂದು ಕಾರ್ಖಾನೆಯಲ್ಲಿ ಹೀಗೊಂದು ಏರ್ಪಾಡು ಮಾಡಿ ಅದರ ಹೆಸರು ಹೇಳಿದಾಗ, ಅಲ್ಲಿ ಅರೆಹೊತ್ತಿನ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು, ನಾನು ಅಷ್ಟು ದಡ್ಡಳೇ ಎಂದು ಅತ್ತುಬಿಟ್ಟಳಂತೆ. ಆಮೇಲೆ ಶಿಂಗೊ ಆ ಪದವನ್ನೇ ಬದಲಿಸಿ 'ಪೋಕಾ ಯೋಕೆ' ಎಂದರು. ಪೋಕಾ ಎಂದರೆ ಅರಿಯದೆ ಆಗುವ ತಪ್ಪು. ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಈಗ ನಡೆಯುವ ಆ ಮಾತು ಒಬ್ಬ ಹೆಣ್ಣುಮಗಳ ಕಣ್ಣೀರಿನಿಂದ ತಿದ್ದಿಕೊಂಡ ಮಾತು ಎಂದು ತಿಳಿದಾಗ ನನಗೆ ಏನೋ ಆಯಿತು. ಹುಡುಗನ ತಾಯಿ ತಗ್ಗಿಸಿದ ತಲೆ ನೆನಪಾಯಿತು.

ನೀವು ಕೇಳಬಹುದು, ಎಲ್ಲಕ್ಕೂ ಸ್ಪ್ರಿಂಗು ಹಾಕುತ್ತ ಹೋದರೆ ಮನುಷ್ಯ ಸಡಿಲವಾಗುವುದಿಲ್ಲವೇ? ಜವಾಬ್ದಾರಿ ಎಂಬುದು ಎಲ್ಲಿ ಉಳಿಯುತ್ತದೆ? ನನಗೂ ಈ ಸಂಶಯವಿತ್ತು. ಅದಕ್ಕೆ ಉತ್ತರ ಕೊಟ್ಟವನು ನಮ್ಮಲ್ಲಿಗೆ ಆಮೇಲೆ ಬಂದ ಇನ್ನೊಬ್ಬ ಆಳು. ಕೀಲಿ ಪ್ರತಿಸಲ ಎಣ್ಣೆಯ ತಟ್ಟೆಗೆ ಬೀಳುವುದು, ಒರೆಸಿ ಎತ್ತುವುದು ಅವನಿಗೆ ಬೇಸರ. ಒಂದು ದಿನ ಸ್ಪ್ರಿಂಗನ್ನೇ ಕಿತ್ತು ಮೂಲೆಗೆ ಎಸೆದ. ನಮ್ಮವರು ನೋಡಿದರು. ಅವನನ್ನು ಬೈದರು, ಚೆನ್ನಾಗಿಯೇ ಬೈದರು. ಮರೆತ ಹುಡುಗನನ್ನು ಬೈದದ್ದು ತಪ್ಪೆಂದು ಒಪ್ಪಿಕೊಂಡ ಮನುಷ್ಯ, ಕಿತ್ತವನನ್ನು ಬೈದದ್ದಕ್ಕೆ ಎಂದೂ ಪಶ್ಚಾತ್ತಾಪಪಡಲಿಲ್ಲ. ಜೊತೆಗೆ ಮರುದಿನ ಕೀಲಿ ಎಣ್ಣೆಗೆ ಬೀಳದಂತೆ ತಟ್ಟೆಯ ಆ ಜಾಗದಲ್ಲಿ ಒಂದು ಮರದ ಪೆಟ್ಟಿಗೆ ಮಾಡಿಟ್ಟರು. ಆಗ ನನಗೆ ಹೊಳೆಯಿತು. ಮರೆಯುವುದು ಕೈಯಿಂದ ಆಗುವ ತಪ್ಪು, ಕೀಳುವುದು ಮನಸ್ಸಿನಿಂದ ಆಗುವ ತಪ್ಪು. ಮೊದಲನೆಯದಕ್ಕೆ ಏರ್ಪಾಡು ಬೇಕು, ಎರಡನೆಯದಕ್ಕೆ ಮನುಷ್ಯನೇ ಉತ್ತರ ಹೇಳಬೇಕು. ಸ್ಪ್ರಿಂಗಿನಿಂದ ಜವಾಬ್ದಾರಿ ಕಡಿಮೆಯಾಗುವುದಿಲ್ಲ, ಅದು ಇರಬೇಕಾದ ಜಾಗಕ್ಕೆ ಬಂದು ಕೂರುತ್ತದೆ.

ಇಷ್ಟು ಹೊಳೆದ ಮೇಲೆ ನಾನು ನೆಮ್ಮದಿಯಾಗಿರಬೇಕಿತ್ತು. ಆಗಲಿಲ್ಲ. ಏಕೆಂದರೆ ಅದೇ ಅಳತೆಗೋಲು ನನ್ನ ಕಡೆ ತಿರುಗಿತು. ಕಾಫಿಗೆ ಕರೆದದ್ದು ನನ್ನ ತಪ್ಪಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಅದು ಪೋಕಾ. ಆದರೆ ಅವತ್ತು ಸಂಜೆ ಬಾಗಿಲ ಹತ್ತಿರ ನಿಂತು ಬಾಯಿ ಮುಚ್ಚಿಕೊಂಡದ್ದು? ಅದು ಮರೆವಲ್ಲ. ನನಗೆ ಎಲ್ಲವೂ ನೆನಪಿತ್ತು. ಮೂರು ಮನೆಯ ಮುಸುರೆ ತಿಕ್ಕುವ ಹೆಂಗಸಿನ ಮುಂದೆ ನನ್ನ ಪಾಲನ್ನು ಒಪ್ಪಿಕೊಳ್ಳಲು ನನ್ನ ಅಹಂಕಾರ ಬಿಡಲಿಲ್ಲ. ಅದಕ್ಕೆ ಯಾವ ತಂತಿಯಿಂದಲೂ ಸ್ಪ್ರಿಂಗು ಸುತ್ತಲಾಗದು.

ನಮ್ಮವರಿಗೆ ನಾಲ್ಕೈದು ವರ್ಷದ ಮೇಲೆ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಅವನ ತಾಯಿಗೆ ಹೇಳು" ಎಂದರು. ಹೇಳುತ್ತೇನೆಂದೆ. ಹಬ್ಬ ಬಂತು, ಹೋಯಿತು. ಅವಳು ಎದುರು ಸಿಕ್ಕಾಗಲೆಲ್ಲ ಸೀರೆ ಕೊಟ್ಟೆ, ಅಕ್ಕಿ ಕೊಟ್ಟೆ, ಆ ಒಂದು ವಾಕ್ಯ ಮಾತ್ರ ಕೊಡಲಿಲ್ಲ. 1997ರ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಹೇಳಬೇಕಾದ ಮಾತಿಗೂ ಒಂದು ಅವಧಿ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ನಮ್ಮವರು 2011ರಲ್ಲಿ ಹೋದರು. ಲೇತನ್ನು ಆ ಹುಡುಗನೇ ಕೊಂಡ. ಹುಡುಗ ಎನ್ನುತ್ತೇನೆ, ಅವನಿಗೆ ಈಗ ಐವತ್ತು ದಾಟಿದೆ. ದಾವಣಗೆರೆಯಲ್ಲಿ ಅವನದೇ ವರ್ಕ್‌ಶಾಪು, ನಾಲ್ಕು ಮಂದಿ ಕೆಲಸಗಾರರು. 2019ರಲ್ಲಿ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದಿದ್ದ. ಕಣ್ಣಿನ ಕೆಳಗಿನ ಗಾಯದ ಗೆರೆ ಸುಕ್ಕಿನಲ್ಲಿ ಸೇರಿಹೋಗಿತ್ತು. ಅವತ್ತು ಕುಂಕುಮ ಹಚ್ಚಿದ ಕರೆಯೋಲೆಯನ್ನು ಕೈಯಲ್ಲಿ ಹಿಡಿದೇ ಎಲ್ಲ ಹೇಳಿಬಿಟ್ಟೆ.

ಅವನು ನಕ್ಕ. "ನೀವು ಕರೆದಿದ್ದು ನಂಗೂ ನೆನಪೈತಿ ಅಮ್ಮ. ಕರೆದೋರ್ದು ತಪ್ಪು ಅಂದ್ರೆ ನಾಳೆ ಯಾರೂ ಯಾರನ್ನೂ ಕಾಫಿಗೆ ಕರೆಯೋದಿಲ್ಲ" ಎಂದ. ಆಮೇಲೆ ನಗು ನಿಲ್ಲಿಸಿ, ಕಾಫಿ ಲೋಟ ತಿರುಗಿಸುತ್ತ, "ಅವ್ವಗೊಂದು ಮಾತು ಹೇಳಿದ್ರೆ ಚೆನ್ನಾಗಿತ್ತು. ನಾನು ದಡ್ಡ, ಕೆಲಸಕ್ಕೆ ಬಾರದೋನು ಅಂತ ಆಕಿ ಭಾಳ ದಿನ ಅಳ್ತಿದ್ಲು" ಎಂದ.

ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಹೊರಡುವಾಗ ಅವನ ಹೊಸ ಏರ್ಪಾಡಿನ ವಿಷಯ ಹೇಳಿದ. ಅವನ ಲೇತುಗಳ ಪಕ್ಕದಲ್ಲಿ ಚಕ್ ಕೀಗೆ ಒಂದೊಂದು ಗೂಡು. ಕೀಲಿ ಗೂಡಿನಲ್ಲಿ ಕೂತರೆ ಅದರೊಳಗಿನ ಸಣ್ಣ ಸ್ವಿಚ್ಚು ಒತ್ತುತ್ತದೆ, ಆಗಷ್ಟೇ ಮೋಟರಿಗೆ ಕರೆಂಟು. ಅದರ ಮೇಲೆ ಕೀಲಿಗೆ ಸ್ಪ್ರಿಂಗೂ ಇದೆ. "ಸಾಹೇಬ್ರ ಸ್ಪ್ರಿಂಗು ತೆಗೆಯೋಕೆ ಮನಸ್ಸಿಲ್ಲ" ಎಂದ.

ಈಗ ಮನೆಯಲ್ಲಿ ಯಾರಾದರೂ ಏನಾದರೂ ಮರೆತರೆ, "ಗಮನ ಎಲ್ಲಿತ್ತು?" ಎಂದು ನಾನು ಕೇಳುವುದಿಲ್ಲ. ಇದು ಮರೆಯದಂತೆ ಏನು ಮಾಡೋಣ ಎಂದು ಸೊಸೆಯ ಜೊತೆ ಕೂತು ಯೋಚಿಸುತ್ತೇನೆ. ಗ್ಯಾಸಿನ ಒಲೆಯ ಮೇಲೆ ಹಾಲಿಟ್ಟವರು ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋಗಬೇಕೆಂಬುದು ನಮ್ಮಿಬ್ಬರ ಕಾನೂನು. ಬಾಗಿಲಲ್ಲಿ ಸೌಟು ಹಿಡಿದು ನಿಂತ ನಮ್ಮನ್ನು ನೋಡಿ ಅಂಚೆಯವನು ನಗುತ್ತಾನೆ, ನಗಲಿ.

ಆದರೆ ಮರೆಯದೇ ಇದ್ದೂ ಹೇಳದೆ ಉಳಿದ ಮಾತೇನಾದರೂ ಇದೆಯೇ ಎಂದು ರಾತ್ರಿ ದೀಪ ಆರಿಸುವ ಮುಂಚೆ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಇದ್ದರೆ ಬೆಳಿಗ್ಗೆ ಕಾಫಿಗೆ ಮೊದಲೇ ಹೇಳಿಬಿಡುತ್ತೇನೆ.